ರೆಪ್ಪೆ ಬೀಳುವವರ ಪಟ್ಟಿ

ಬಹಳ ಹಿಂದಲ್ಲ, ಹೋದ ಗುರುವಾರ, ಮಗ್ಗಗಳ ಸದ್ದಿಗೇ ಬೆಳಗಾಗುವ ದೊಡ್ಡಬಳ್ಳಾಪುರವೆಂಬ ಊರಿನಲ್ಲಿ ನಂದೀಶನೆಂಬ ಗುಮಾಸ್ತನಿದ್ದ. ಆರೋಗ್ಯ ವಿಮೆಯ ಆಫೀಸಿನಲ್ಲಿ ಕೂತು, ಆಸ್ಪತ್ರೆಗಳು ಕಳಿಸುವ ಕ್ಲೇಮುಗಳನ್ನು ಪಾಸ್ ಮಾಡುವುದು, ಇಲ್ಲವೇ ವಾಪಸ್ ಕಳಿಸುವುದು ಅವನ ಕೆಲಸ. ಮೂರು ವರ್ಷವಾದರೂ ಕೆಲಸ ಖಾಯಂ ಆಗಿರಲಿಲ್ಲ.

ಆ ಬೆಳಿಗ್ಗೆ ಮ್ಯಾನೇಜರ್ ಆದಿನಾರಾಯಣಪ್ಪ ಡಾಕ್ಟರ್ ರಮ್ಯ ಅವರನ್ನು ಅವನ ಮೇಜಿಗೇ ಕರೆತಂದರು.

"ಮಯಸ್ತೇನಿಯಾ ಗ್ರ್ಯಾವಿಸ್ ಅಂತ ಒಂದು ಅಪರೂಪದ ಕಾಯಿಲೆ," ಎಂದರು ಡಾಕ್ಟರು. "ನರ ಹೇಳಿದ್ದು ಸ್ನಾಯುವಿಗೆ ಸರಿಯಾಗಿ ತಲುಪಲ್ಲ. ಬೆಳಿಗ್ಗೆ ಚೆನ್ನಾಗಿರ್ತಾರೆ, ಸಂಜೆ ಹೊತ್ತಿಗೆ ರೆಪ್ಪೆ ಜೋಲುತ್ತೆ, ಮಾತು ತೊದಲುತ್ತೆ. ತಾಲ್ಲೂಕಲ್ಲಿ ಅಂಥೋರು ಎಷ್ಟು ಜನ ಇದ್ದಾರೋ ಗೊತ್ತಿಲ್ಲ. ನಿಮ್ಮ ಕಂಪ್ಯೂಟರಲ್ಲಿ ಹುಡುಕಿ ಕೊಡ್ತೀರಾ? ಔಷಧಿ ನಮ್ಮ ಆಸ್ಪತ್ರೆಯಿಂದ ಪುಕ್ಕಟೆ."

"ಐದು ಗಂಟೆಗೆ ಪಟ್ಟಿ ಕೊಡ್ತಾನೆ," ಎಂದು ಆದಿನಾರಾಯಣಪ್ಪ ಅವನ ಪರವಾಗಿ ಮಾತು ಕೊಟ್ಟೇಬಿಟ್ಟರು. ಆಮೇಲೆ ಅವನ ಕಿವಿಯಲ್ಲಿ, "ಕೊಟ್ರೆ ನಿನ್ನ ಖಾಯಂ ಕಾಗದಕ್ಕೆ ಇವತ್ತೇ ಸೈನ್ ಹಾಕ್ತೀನಿ ಕಣಪ್ಪ."

ರಕ್ಕಸನ ಜೀವ ಏಳು ಕಡಲಿನಾಚೆಯ ಗಿಳಿಯಲ್ಲಿ ಅಡಗಿರುವ ಹಾಗೆ, ಈ ಕಾಯಿಲೆ ಲಕ್ಷಾಂತರ ಸಾಲುಗಳ ನಡುವೆ ಎಲ್ಲಿ ಕೂತಿದೆಯೋ ಎಂದುಕೊಳ್ಳುತ್ತ ನಂದೀಶ ಹೆಸರು ಹಾಕಿ ಹುಡುಕಿದ. ಒಂದಲ್ಲ, ನೂರ ಅರವತ್ತಮೂರು ಗಿಳಿಗಳು ಹಾರಿಬಂದವು.

ಆಫೀಸು ಎದ್ದು ನಿಂತಿತು. ಎಲ್ಲರೂ ಮೊಬೈಲ್ ಕ್ಯಾಮೆರಾದಲ್ಲಿ ತಂತಮ್ಮ ರೆಪ್ಪೆ ನೋಡಿಕೊಳ್ಳತೊಡಗಿದರು. ಆದಿನಾರಾಯಣಪ್ಪ ಕನ್ನಡಕ ತೆಗೆದು, "ನಂದು ಎಡಗಡೇದು ಸ್ವಲ್ಪ ಇಳಿದಿಲ್ವೇನೋ?" ಎಂದರು.

"ಊಟ ಆದ್ಮೇಲೆ ಅದು ದಿನಾ ಇಳಿಯುತ್ತೆ ಸಾರ್," ಎಂದ ನಂದೀಶ.

ಆಮೇಲೆ ಪಟ್ಟಿಯ ಮೊದಲನೆಯವನಾದ ನೇಕಾರ ಆವಲಪ್ಪನಿಗೆ ಫೋನ್ ಮಾಡಿದ.

"ಸಂಜೆ ರೆಪ್ಪೆ ಬೀಳುತ್ತಾ ಯಜಮಾನ್ರೇ?"

"ನಸುಕಲ್ಲೆದ್ದು ಮಗ್ಗಕ್ಕೆ ಕೂತೋನಿಗೆ ಬೀಳ್ದೆ ಇನ್ನೇನು ಮಾಡ್ತದೆ?"

"ಮಾತು ತೊದಲುತ್ತಾ?"

"ನಿನ್ ಜೊತೆ ಇನ್ನೊಂದ್ ಸ್ವಲ್ಪ ಆಡಿದ್ರೆ ತೊದಲ್ಬೋದು. ನಾನು ಆಸ್ಪತ್ರೆ ಸೇರಿದ್ದು ಮೂಲವ್ಯಾಧಿಗೆ ಕಣಪ್ಪ."

ಎರಡನೆಯವರದು ಅಪೆಂಡಿಕ್ಸು, ಮೂರನೆಯವರದು ಮುರಿದ ಮೊಣಕೈ. ನೂರ ಅರವತ್ತಮೂರೂ ಬಂದದ್ದು ಒಂದೇ ನರ್ಸಿಂಗ್ ಹೋಮಿನಿಂದ. ನಂದೀಶ ಊಟ ಬಿಟ್ಟು ಸ್ಕೂಟರ್ ಹತ್ತಿದ.

ಅಲ್ಲಿ ಬಿಲ್ ಬರೆಯುವ ಪಿಳ್ಳಣ್ಣ ಎಲೆಗೆ ಸುಣ್ಣ ಸವರುತ್ತ ಸಮಾಧಾನವಾಗಿ ವಿವರಿಸಿದ. "ಮೂಲವ್ಯಾಧಿ ಅಂತ ಹಾಕಿದ್ರೆ ನಿಮ್ ಆಫೀಸಿಂದ ಹತ್ತು ಪ್ರಶ್ನೆ ಬರುತ್ತೆ ಗುರು. ಎಷ್ಟು ದಿನದಿಂದ, ಯಾಕೆ, ಫೋಟೋ ಕಳ್ಸಿ. ಒಂದ್ಸಲ ಕೈತಪ್ಪಿ ಈ ಹೆಸರು ಒತ್ಬಿಟ್ಟೆ. ಅರ್ಧ ಗಂಟೇಲಿ ಪಾಸು. ಅವತ್ತಿಂದ ಎಲ್ಲರಿಗೂ ಇದೇ. ಪಾಸ್ ಮಾಡೋರು ಯಾರೋ ಪುಣ್ಯಾತ್ಮರು."

ಆ ಪುಣ್ಯಾತ್ಮ ಯಾರೆಂದು ನಂದೀಶನಿಗೆ ಗೊತ್ತಿತ್ತು. ಬಾಯಿಗೆ ಬಾರದಷ್ಟು ಉದ್ದದ ಇಂಗ್ಲಿಷ್ ಹೆಸರು ಕಂಡಾಗಲೆಲ್ಲ, ಯಾರನ್ನಾದರೂ ಕೇಳಿದರೆ ನಗುತ್ತಾರೆಂದು, ಅವನು ಪೂರ್ತಿ ಓದದೆಯೇ ಪಾಸ್ ಒತ್ತುತ್ತಿದ್ದ.

ವಾಪಸ್ ಬಂದಾಗ ನಾಲ್ಕು ಗಂಟೆ. ಡಾಕ್ಟರಿಗೆ ಫೋನ್ ಮಾಡಿ, ಆ ಹೆಸರಿನ ಕ್ಲೇಮುಗಳೆಲ್ಲ ಸುಳ್ಳೆಂದು ಹೇಳಿದ.

"ಹಾಗಾದ್ರೆ ಹೆಸರು ಬಿಡಿ, ಮಾತ್ರೆ ಹಿಡಿದು ಹುಡುಕಿ," ಎಂದರು ರಮ್ಯ. "ಪೈರಿಡೊಸ್ಟಿಗ್ಮಿನ್. ಈ ಕಾಯಿಲೆ ಇಲ್ಲದೋರಿಗೆ ಅದನ್ನ ಬರೆಯೋದು ತೀರಾ ಕಡಿಮೆ."

ಪಾಸಾದ ಕ್ಲೇಮುಗಳಲ್ಲಿ ಒಂದೂ ಸಿಗಲಿಲ್ಲ. ಕುತೂಹಲ ತಡೆಯದೆ ವಾಪಸ್ ಕಳಿಸಿದವುಗಳಲ್ಲೂ ಹುಡುಕಿದ. ಒಂದೇ ಒಂದು ಸಿಕ್ಕಿತು: ಮೆಳೇಕೋಟೆಯ ನರಸಮ್ಮ. ಕಾಯಿಲೆಯ ಹೆಸರಿರಬೇಕಾದ ಕಡೆ 'ಸಂಜೆ ರೆಪ್ಪೆ ಬೀಳುತ್ತದೆ' ಎಂದಷ್ಟೇ ಇತ್ತು.

"ತಡಿ ಸ್ವಾಮಿ," ಎಂದಿತು ಫೋನಿನಲ್ಲಿ ದಣಿದ ದನಿ. "ಒಂದ್ ಕೈಲಿ ರೆಪ್ಪೆ ಎತ್ತಿ ಹಿಡ್ಕೊಂಡಿದೀನಿ. ಬೆಳಿಗ್ಗೆ ಮಾಡಿದ್ರೆ ಗಂಟೆಗಟ್ಲೆ ಮಾತಾಡ್ತಿದ್ದೆ. ಈಗ ನಾಲಿಗೆ ಏಳಲ್ಲ."

"ಮಾತ್ರೆ ತಗೋತಿದ್ದೀರಾ ಅಮ್ಮಾ?"

"ದಿನಕ್ಕೆ ಮೂರು ಬರೆದವ್ರೆ. ನಿಮ್ಮೋರು ಬಿಲ್ ವಾಪಸ್ ಕಳಿಸ್ದಾಗಿಂದ ಒಂದೇ ನುಂಗ್ತೀನಿ."

"ನಾಳೆಯಿಂದ ಮೂರೂ ಬರುತ್ತೆ ಅಮ್ಮಾ," ಎಂದು ನಂದೀಶ ಫೋನಿಟ್ಟು, ಪಟ್ಟಿಗೆಂದು ಡಾಕ್ಟರು ಕಂಪ್ಯೂಟರಿಗೆ ಕಳಿಸಿದ್ದ ಫಾರಂ ತೆರೆದ. ಖಾಯಂ ಕಾಗದಕ್ಕೆ ಸೈನ್ ಹಾಕಲು ಪೆನ್ನಿನ ಮುಚ್ಚಳ ತೆಗೆದಿದ್ದ ಆದಿನಾರಾಯಣಪ್ಪ ಅವನ ಬೆನ್ನ ಹಿಂದೆಯೇ ನಿಂತಿದ್ದರು. ಹೆಸರು, ಊರು, ಮಾತ್ರೆ ತುಂಬಿದ. ಕ್ಲೇಮು: ವಾಪಸ್. ಕಾರಣವನ್ನು ಹಳೆಯ ಕಡತದಿಂದ ಹಾಗೇ ಇಳಿಸಿದ: 'ನಿದ್ದೆ ಬರುವುದು ಕಾಯಿಲೆಯಲ್ಲ.'

"ಯಾವ ಮಹಾನುಭಾವನೋ ಹಿಂಗೆ ಬರೆದೋನು?" ಎಂದರು ಆದಿನಾರಾಯಣಪ್ಪ.

ಕೊನೆಯ ಕಾಲಂ ಕೇಳುತ್ತಿದ್ದದ್ದೂ ಅದನ್ನೇ: ವಾಪಸ್ ಕಳಿಸಿದವರ ಹೆಸರು. ಖಾಲಿ ಬಿಟ್ಟರೆ ಫಾರಂ ಮುಂದಕ್ಕೆ ಹೋಗುತ್ತಿರಲಿಲ್ಲ. ಐದಕ್ಕೆ ಇನ್ನು ಎರಡು ನಿಮಿಷವಿತ್ತು. ನಂದೀಶ ತನ್ನ ಹೆಸರನ್ನು ತಪ್ಪಿಲ್ಲದೆ ಬರೆದ. ಹಿಂದೆ ಪೆನ್ನಿನ ಮುಚ್ಚಳ ಮುಚ್ಚಿಕೊಂಡ ಸದ್ದಾಯಿತು. ಪಟ್ಟಿಯನ್ನು ಕಳಿಸಿದ.