ಮೇಯರನ್ನು ಯಾರು ಆರಿಸಬೇಕು ಅಂತ ನನ್ನನ್ನೇ ಕೇಳಿದರು

ಬನ್ನಿ, ಬಾಗಿಲಲ್ಲಿ ನಿಂತರೆ ಚಳಿಗಾಳಿ. ಒಳಗೆ ಬಂದು ಕಾಲು ಮಡಚಿ ಕೂತ್ಕೊಳ್ಳಿ, ಫಿಲ್ಟರಿನಲ್ಲಿ ಡಿಕಾಕ್ಷನ್ ಇಳೀತಾ ಇದೆ. ಅದು ಇಳಿಯೋದರೊಳಗೆ ಹೇಳಿ ಮುಗಿಸ್ತೀನಿ. ನಾನು ಯಾವ ಕೆಲಸಕ್ಕೆ ಕೈ ಹಾಕಿದರೂ ನಾಲ್ಕು ಜನ ನಗದೆ ಅದು ಮುಗಿಯೋದೇ ಇಲ್ಲ. ಇಸ್ಕೂಲಿನ ಮೆಟ್ಟಿಲು ಹತ್ತಿದವಳಲ್ಲ ನಾನು. ಅಕ್ಷರ ಕಲಿತದ್ದು ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ, ಅವಳು ಮಲಗಿದ ಮೇಲೆ ಅವಳ ಪುಸ್ತಕ ತೆಗೆದು ನೋಡಿ. ಆ ಮಗಳು ಈಗ ಇಲ್ಲಿ ಐರ್ಲೆಂಡಿನಲ್ಲಿ ಡಾಕ್ಟರು, ನಾನಿರೋದು ಅವಳ ಮನೇಲಿ. ಇದನ್ನ ಬೇರೆಯವರಿಗೆ ಹೇಳುವಾಗ ಊರಿನ ಹೆಸರು ಮಾತ್ರ ಎತ್ತಬೇಡಿ. ಇಲ್ಲಿ ಕನ್ನಡದವರ ಮನೆ ಇರೋದೇ ಬೆರಳೆಣಿಕೆ, ಊರಿನ ಹೆಸರು ಹೇಳಿದರೆ ಮನೆ ನಂಬರೇ ಹೇಳಿದ ಹಾಗೆ.

ಮನೆಯೊಳಗೆ ಎರಡು ಪಾರ್ಟಿ

ಕೆಲವು ವರ್ಷದ ಹಿಂದಿನ ಮಾತು. ಒಂದು ದಿನ ನನ್ನ ಹೆಸರಿಗೆ ಅಂಚೆಯಲ್ಲಿ ಕಾರ್ಡು ಬಂತು. ನನ್ನ ಹೆಸರಿಗೆ ಬರೋದು ಆಸ್ಪತ್ರೆ ಕಾಗದ ಮಾತ್ರ, ಓದದೇ ಮಗಳ ಕೈಗೆ ಕೊಟ್ಟೆ. ಮಗಳು ನೋಡಿ, "ಅಮ್ಮಾ, ನಿಂಗೆ ವೋಟು ಬಂದಿದೆ!" ಅಂದಳು. ಇಲ್ಲಿಯ ಪ್ರಜೆ ಅಲ್ಲದಿದ್ದರೂ, ಇಲ್ಲೇ ವಾಸ ಇದ್ದರೆ ಊರಿನ ಕೌನ್ಸಿಲರನ್ನ ಆರಿಸೋಕೆ ವೋಟು ಹಾಕಬಹುದಂತೆ. ಆ ಸಲ ಅದರ ಜೊತೆಗೆ ಒಂದು ಪ್ರಶ್ನೇನೂ ಕೇಳಿದ್ದರು. ಅಲ್ಲೀತನಕ ಮೇಯರನ್ನ ಕೌನ್ಸಿಲರುಗಳೇ ಸೇರಿ ವರ್ಷಕ್ಕೊಬ್ಬರ ಹಾಗೆ ಆರಿಸ್ತಿದ್ದರು. ಇನ್ನು ಮುಂದೆ ಊರಿನ ಜನವೇ ನೇರವಾಗಿ ಆರಿಸಬೇಕಾ, ಬೇಡವಾ? ಹೌದು ಅಥವಾ ಇಲ್ಲ, ಅಷ್ಟೇ.

ಮಗಳು ಹೌದು ಪಾರ್ಟಿ. "ಇವರೇ ಜವಾಬ್ದಾರಿ ಅಂತ ಬೆರಳು ತೋರಿಸೋಕೆ ಒಬ್ಬರಾದರೂ ಇರ್ಲಿ ಅಮ್ಮ" ಅಂತ ಅವಳ ವಾದ. ಅಳಿಯಂದಿರು ಇಲ್ಲ ಪಾರ್ಟಿ. "ಇರೋ ಆಫೀಸುಗಳೇ ಸಾಕಾಗಿದೆ ಅತ್ತೆ, ಇನ್ನೊಂದು ಆಫೀಸು, ಇನ್ನೊಂದು ಕಾರು ಯಾಕೆ?" ಅಂತ ಅವರದು. ಅವರಿಬ್ಬರ ವೋಟು ಒಂದಕ್ಕೊಂದು ವಜಾ ಆಗಿ ಮನೆಯ ತೀರ್ಪು ನನ್ನ ಕೈಗೆ ಬಂತು. ಬೆಳಿಗ್ಗೆ ಡ್ಯೂಟಿಗೆ ಹೊರಡುವಾಗ ಮಗಳು "ಹೌದು ಅಲ್ವೇನಮ್ಮ?" ಅಂದರೆ "ಹೂಂ ಕಣೇ." ಸಂಜೆ ಅಳಿಯಂದಿರು ಶೂ ಬಿಚ್ಚುತ್ತಾ "ಇಲ್ಲ ತಾನೇ ಅತ್ತೆ?" ಅಂದರೆ "ಹೂನಪ್ಪ."

ನಿಜ ಹೇಳ್ತೀನಿ, ನನಗೆ ಭಯ. ನಮ್ಮ ಕಡೆ ಎಷ್ಟೋ ಸಲ ವೋಟು ಹಾಕಿದೀನಿ, ಒಂದು ಸಲಾನೂ ಯಾರಿಗೆ ಅಂತ ನಾನೇ ಯೋಚಿಸಿದ್ದಿಲ್ಲ. ಯಜಮಾನರು ಗುರುತು ಹೇಳೋರು, ನಾನು ಒತ್ತಿ ಬರ್ತಿದ್ದೆ. ಒಂದು ಸಲ ಅವರು ಹೇಳೋದನ್ನೇ ಮರೆತರು. ನಾನು ಕ್ಯೂ ಬಿಟ್ಟು ಮನೆಗೆ ಓಡಿದೆ. ಅವರು ಸ್ನಾನಕ್ಕೆ ಹೋಗಿದ್ದಾರೆ. ಬಚ್ಚಲ ಬಾಗಿಲು ಬಡಿದು "ಯಾವುದಕ್ಕೆ ಒತ್ಲೀ?" ಅಂತ ನಾನು ಕೂಗಿದ್ದು, ಒಳಗಿಂದ ಅವರು ಕೂಗಿದ್ದು, ಇಡೀ ಬೀದಿಗೆ ಕೇಳಿಸಿತು. ನಮ್ಮ ಮನೆಯ ಗುಪ್ತ ಮತದಾನ ಅಂದರೆ ಅಷ್ಟು ಗುಪ್ತ.

ಈಗ ಯಜಮಾನರಿಲ್ಲ. ಯಾವ ಬಾಗಿಲು ಬಡೀಲಿ?

ಎರಡು ಹಣೆ

ಆ ವಾರ ಬೆಲ್ ನಿಲ್ಲಲಿಲ್ಲ. ಮೊದಲು ಬಂದವಳು ಕೌನ್ಸಿಲರಿಗೆ ನಿಂತಿದ್ದ ಒಬ್ಬ ಹೆಂಗಸು, ಮಳೇಲಿ ತೊಪ್ಪೆಯಾಗಿದ್ದಳು ಪಾಪ. ಮನೆಗೆ ಬಂದ ಹೆಣ್ಣುಮಗಳನ್ನ ಬರಿಹಣೇಲಿ ಕಳಿಸೋದು ಹೇಗೆ? ನಮ್ಮ ಕಡೆ ಆಗಿದ್ದರೆ, ಯಜಮಾನರು ಹೋದಮೇಲೆ ನನ್ನ ಕೈಯಿಂದ ಕುಂಕುಮ ತಗೊಳ್ಳೋಕೆ ಹಿಂದೆ ಮುಂದೆ ನೋಡೋರು. ಇಲ್ಲಿ ಕೇಳೋರು ಯಾರು? ದೊಡ್ಡದಾಗೇ ಇಟ್ಟೆ. ಕೈಗೊಂದು ಬಾಳೆಹಣ್ಣು ಕೊಟ್ಟು, ನನಗೆ ಬರೋ ಇಂಗ್ಲಿಷಿನಲ್ಲಿ "ಮೈ ವೋಟ್, ಯು" ಅಂದೆ. ಅವಳ ಕಣ್ಣಲ್ಲಿ ನೀರು ಬಂತು. ಹತ್ತು ನಿಮಿಷಕ್ಕೆ ಇನ್ನೊಬ್ಬಳು ಬಂದಳು, ಎದುರು ಪಾರ್ಟಿಯವಳು. ಅವಳೂ ನೆನೆದಿದ್ದಳು. ಭೇದ ಮಾಡೋಕಾಗುತ್ತಾ? ಅವಳಿಗೂ ಕುಂಕುಮ, ಅವಳಿಗೂ ಬಾಳೆಹಣ್ಣು, ಅವಳಿಗೂ "ಮೈ ವೋಟ್, ಯು."

ಮೊಮ್ಮಗಳು ಸ್ಕೂಲಿಂದ ಬರುವಾಗ ಬೀದಿ ತಿರುವಿನಲ್ಲಿ ನೋಡಿದಳಂತೆ. ಇಬ್ಬರೂ ಎದುರುಬದುರು ನಿಂತಿದ್ದಾರೆ, ಕೈಯಲ್ಲಿ ಒಂದೊಂದು ಬಾಳೆಹಣ್ಣು, ಒಬ್ಬರ ಹಣೆ ಒಬ್ಬರು ನೋಡ್ಕೊಂಡು.

ಕಾಸಿನ ಸರದ ಸಾಹೇಬರು

ನನಗೆ ಇದ್ದದ್ದು ಒಂದೇ ಕೋರಿಕೆ. ನಮ್ಮ ಬಸ್ ಸ್ಟಾಪಿನಲ್ಲಿ ಕೂರೋಕೆ ಒಂದು ಬೆಂಚಿಲ್ಲ. ನನಗೋ ಮಂಡಿ ನೋವು. ಮನೆಯಿಂದ ಪ್ಲಾಸ್ಟಿಕ್ ಸ್ಟೂಲು ಹೊತ್ಕೊಂಡು ಹೋಗ್ತಿದ್ದೆ, ಬಸ್ಸಿನೊಳಗೂ ಅದನ್ನ ಮಗು ಥರ ತೊಡೆ ಮೇಲೆ ಕೂರಿಸ್ಕೊಳ್ತಿದ್ದೆ.

ಮೊಮ್ಮಗಳ ಸ್ಕೂಲಿನ ಫಂಕ್ಷನ್ನಿಗೆ ಒಬ್ಬರು ಸಾಹೇಬರು ಬಂದರು. ಕೊರಳಿನಿಂದ ಹೊಟ್ಟೆತನಕ ಚಿನ್ನದ ಸರ. ನಮ್ಮ ಅತ್ತೆಯ ಕಾಸಿನ ಸರವೂ ಅಷ್ಟು ಉದ್ದ ಇರಲಿಲ್ಲ. ಮದುಮಗನೋ ಏನೋ ಅಂದ್ಕೊಂಡೆ. "ಅಜ್ಜಿ, ದಟ್ಸ್ ದ ಮೇಯರ್!" ಅಂತ ಮೊಮ್ಮಗಳು ತಿವಿದಳು. ಬಿಡ್ತೀನಾ? ಅವಳನ್ನೇ ಮುಂದೆ ನಿಲ್ಲಿಸ್ಕೊಂಡು ಬೆಂಚಿನ ವಿಷಯ ಹೇಳಿಸಿದೆ. ಪಾಪ, ಒಳ್ಳೆಯವರು, ನನ್ನ ಕೈ ಹಿಡಿದು ಪೂರ್ತಿ ಕೇಳಿದರು. ಆಮೇಲೆ ಅಂದರಂತೆ: "ಅಜ್ಜಿ, ನನ್ನ ವರ್ಷ ಮುಂದಿನ ತಿಂಗಳಿಗೆ ಮುಗೀತು. ಬರೋರಿಗೆ ಹೇಳಿ."

"ಬರೋರು ಯಾರಂತೆ?"

"ಗೊತ್ತಿಲ್ಲವಂತೆ ಅಜ್ಜಿ."

ಅಷ್ಟು ದೊಡ್ಡ ಸರ, ಮೈಮೇಲಿರೋದು ಒಂದೇ ವರ್ಷ. ನಮ್ಮಲ್ಲಿ ಬಾಡಿಗೆ ಒಡವೆ ಹಾಕ್ಕೊಂಡ ಮದುಮಗಳು ಹೀಗೇ, ಯಾರು ಏನು ಕೇಳಿದರೂ ನಾಳೆ ಅನ್ನೋಳು.

ಮೊದಲ ಪಂಕ್ತಿ, ಎರಡನೇ ಪಂಕ್ತಿ

ವೋಟು ಹಾಕೋದನ್ನ ನನಗೆ ಕಲಿಸಿದವರು ಪಕ್ಕದ ಮನೆಯ ತಾತ. ಇಲ್ಲಿಯವರೇ, ಬಸ್ ಡ್ರೈವರಾಗಿ ರಿಟೈರ್ ಆದವರು. ಅವರು ಇಂಗ್ಲಿಷಿನಲ್ಲಿ ಹೇಳೋದು, ಮೊಮ್ಮಗಳು ನನಗೆ ದಾಟಿಸೋದು. ಕೌನ್ಸಿಲರ ಚೀಟಿಯಲ್ಲಿ ಎಲ್ಲರ ಫೋಟೋ ಇರುತ್ತಂತೆ. ತುಂಬಾ ಇಷ್ಟ ಆದವರಿಗೆ ಒಂದು, ಅವರ ನಂತರದವರಿಗೆ ಎರಡು, ಆಮೇಲೆ ಮೂರು, ಹೀಗೆ ಬರೀತಾ ಹೋಗೋದಂತೆ.

ನನಗೆ ಜೀವ ಬಂದ ಹಾಗಾಯ್ತು. ಇದು ಮದುವೆಮನೆ ಊಟವೇ ಅಲ್ವಾ? ಮೊದಲ ಪಂಕ್ತಿಯಲ್ಲಿ ಜಾಗ ಸಿಗದವರಿಗೆ ಎರಡನೇ ಪಂಕ್ತಿ. ಉಪವಾಸ ಯಾರೂ ಹೋಗಲ್ಲ, ಮುನಿಸ್ಕೊಳ್ಳೋರೂ ಇಲ್ಲ. ಕುಂಕುಮ ಇಡಿಸ್ಕೊಂಡವರಿಬ್ಬರ ಋಣವೂ ತೀರುತ್ತೆ.

"ನೀವು ಮೊದಲು ಯಾರಿಗೆ ಹಾಕ್ತೀರಿ ತಾತ?" ಅಂತ ಮೊಮ್ಮಗಳ ಕೈಲಿ ಕೇಳಿಸಿದೆ.

ತಾತ ತಲೆ ಅಲ್ಲಾಡಿಸಿದರು. "ಅದನ್ನ ಹೇಳಿದರೆ ನನ್ನ ಹೆಂಡತಿ ಸ್ವರ್ಗದಿಂದ ಇಳಿದು ಬಂದು ಬೈತಾಳೆ. ನಲವತ್ತು ವರ್ಷ ನನಗೇ ಹೇಳಲಿಲ್ಲ ಅವಳು."

ಬೆರಳು

ಆ ದಿನ ಸ್ಕೂಲಿನ ಪುಟ್ಟ ಪುಟ್ಟ ಕುರ್ಚಿಗಳ ಮಧ್ಯೆ ಪೆಟ್ಟಿಗೆ ಇಟ್ಟಿದ್ದರು. ಮಗಳು ಅಳಿಯನಿಗೆ ಕೈತುಂಬ ಚೀಟಿ, ನನಗೆ ಎರಡೇ. "ಇದ್ಯಾಕಮ್ಮ ನಂಗೆ ಕಮ್ಮಿ ಬಡಿಸಿದರು?" ಅಂದೆ. ಮಿಕ್ಕಿದ್ದು ಅವತ್ತೇ ನಡೆದ ಬೇರೆ ವೋಟಿನವು, ಅವಕ್ಕೆ ಇಲ್ಲಿಯ ಪ್ರಜೆ ಆಗಿರಬೇಕಂತೆ. ಆಗ್ಲಿ, ಎರಡನ್ನೂ ಹಿಡ್ಕೊಂಡು ಮರೆಗೆ ಹೋದೆ. ದಾರ ಕಟ್ಟಿದ ಪೆನ್ಸಿಲು. ಹಿಂದೆ ಯಾರೂ ಇಲ್ಲ. ಮಗಳಿಲ್ಲ, ಅಳಿಯ ಇಲ್ಲ, ಯಜಮಾನರೂ ಇಲ್ಲ. ಎಷ್ಟು ಹೊತ್ತು ನಿಂತೆನೋ. ಆಮೇಲೆ ನನ್ನ ಮಂಡಿ ಏನು ಹೇಳ್ತೋ ಅದನ್ನ ಬರೆದೆ.

ಪೆಟ್ಟಿಗೆಗೆ ಹಾಕಿ, ಮೇಜಿನ ಹತ್ತಿರ ಬಂದು ಎಡಗೈ ತೋರುಬೆರಳು ಚಾಚಿ ನಿಂತೆ. ಶಾಯಿ ಹಚ್ಚಬೇಕಲ್ಲ! ಅಲ್ಲಿ ಕೂತಿದ್ದ ಹುಡುಗಿ ಬೆರಳು ನೋಡಿದಳು, ನನ್ನ ಮುಖ ನೋಡಿದಳು. ನಾನು ಇನ್ನೂ ಮುಂದಕ್ಕೆ ಚಾಚಿದೆ. ಅವಳು "ಅಯ್ಯೋ" ಅನ್ನೋ ಥರ ಮುಖ ಮಾಡಿ, ಒಳಗೆ ಓಡಿ, ಒಂದು ಬ್ಯಾಂಡೇಡ್ ತಂದು ನಾಜೂಕಾಗಿ ಸುತ್ತಿ, ಮೇಲೆ ಒಂದು ಉಫ್ ಅಂತ ಊದಿ ಕಳಿಸಿದಳು.

ಅದರ ಫೋಟೋನೇ ತಂಗಿಗೆ ಕಳಿಸಿದೆ. "ಅಕ್ಕಾ, ಅಲ್ಲಿ ವೋಟು ಹಾಕಿದರೆ ಗಾಯ ಆಗುತ್ತಾ?" ಅಂತ ಫೋನ್ ಮಾಡಿದಳು.

ಎಣಿಕೆ

ತಾತನಿಗೆ ಒಂದು ಹುಚ್ಚು. ವೋಟು ಎಣಿಸೋ ಕಡೆ ಕಟಕಟೆ ಆಚೆ ನಿಂತು, ಯಾರಿಗೆ ಎಷ್ಟು ಅಂತ ಬರ್ಕೊಳ್ಳೋದು. ಅದು ಮುಗಿಸಿ ಸೀದಾ ನಮ್ಮನೆಗೆ ಬಂದರು. ಕೂದಲೆಳೆ ಅಂತರದಲ್ಲಿ ಹೌದು ಗೆದ್ದಿತ್ತು. ಮಗಳು ಚಪ್ಪಾಳೆ ತಟ್ಟಿದಳು, ಅಳಿಯಂದಿರು ಟೀವಿ ಆರಿಸಿದರು.

ತಾತ ನಗು ತಡೀಲಾರದೆ ಹೇಳಿದರು: "ಅದಿರ್ಲಿ, ನಮ್ಮ ಪೆಟ್ಟಿಗೆಯಿಂದ ಒಂದು ಚೀಟಿ ಬಂತು ನೋಡಿ! ಹೌದು ಇಲ್ಲ ಅಂತ ಕೇಳಿದರೆ ಯಾರೋ ಹೌದು ಮುಂದೆ ಒಂದು, ಇಲ್ಲ ಮುಂದೆ ಎರಡು ಅಂತ ಬರೆದಿದ್ದಾರೆ. ಎರಡೂ ಕಡೆಯವರು ಗುಂಪು ಸೇರಿದರು, ದೊಡ್ಡ ಅಧಿಕಾರಿ ಬಂದರು, ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ 'ಇವರ ಮನಸ್ಸು ಗೊತ್ತಾಯ್ತಲ್ಲ, ಹೌದಿಗೇ ಸೇರಿಸಿ' ಅಂದರು. ಇಷ್ಟು ವರ್ಷದಲ್ಲಿ ಇಷ್ಟು ಮರ್ಯಾದಸ್ಥರ ವೋಟು ನಾನು ಕಂಡಿರಲಿಲ್ಲ!"

ಮೊಮ್ಮಗಳು ಇದನ್ನ ಕನ್ನಡಕ್ಕೆ ದಾಟಿಸಿ ಮುಗಿಸಿದಳು. ನಾನು ತಲೆ ತಗ್ಗಿಸಿ ಹುರುಳೀಕಾಯಿ ನಾರು ತೆಗೀತಾ ಇದ್ದೆ.

"ಅತ್ತೆ..." ಅಂದರು ಅಳಿಯಂದಿರು.

ಮುಚ್ಚಿಟ್ಟು ಏನು ಮಾಡ್ಲಿ? "ಬೆಂಚಿಲ್ಲ ಅಂತ ಬೈಯೋಕೆ ನಂಗೊಬ್ಬರು ಬೇಕಿತ್ತು ಅಳಿಯಂದ್ರೇ. ವರ್ಷಕ್ಕೊಬ್ಬರಾದರೆ ನಾನು ಯಾರನ್ನ ಅಂತ ಹುಡುಕ್ಲಿ? ಅದಕ್ಕೇ ಹೌದಿಗೆ ಒಂದು ಹಾಕ್ದೆ. ಹಾಗಂತ ನಿಮ್ಮನ್ನ ಬಿಡೋಕಾಗುತ್ತಾ? ಮನೆ ಅಳಿಯಂದಿರು! ನಿಮಗೆ ಎರಡನೇ ಪಂಕ್ತಿಯಲ್ಲಿ ಎಲೆ ಹಾಕಿದೀನಿ."

ಅಳಿಯಂದಿರು ನನ್ನನ್ನೇ ನೋಡಿದರು. ಆಮೇಲೆ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರೋ ತನಕ. "ಗ್ರ್ಯಾಂಡ್ ಅತ್ತೆ, ಗ್ರ್ಯಾಂಡ್" ಅಂದರು.

ಇನ್ನು ಎಲ್ಲರೂ ಏನಾದರು ಅಂದರೆ, ಕುಂಕುಮದವರಿಬ್ಬರಲ್ಲಿ ಒಬ್ಬಳು ಗೆದ್ದಳು. ಸೋತವಳೇ ಇವತ್ತಿಗೂ ಬೀದೀಲಿ ಕಂಡರೆ ಹಣೆ ಮುಂದೆ ಮಾಡ್ತಾಳೆ. ಕಾಸಿನ ಸರದ ಸಾಹೇಬರು ಸರ ಬಿಚ್ಚಿಟ್ಟು ಈಗ ನಮ್ಮ ಸ್ಟಾಪಿನಲ್ಲೇ ಬಸ್ಸಿಗೆ ನಿಲ್ತಾರೆ, ಅವರಿಗೂ ಮಂಡಿ ನೋವು. ಜನವೇ ಮೇಯರನ್ನ ಆರಿಸಿ ಆಯ್ತು, ನಾನು ಬೈದೂ ಆಯ್ತು, ಬೆಂಚೂ ಬಂತು, ಎದುರುಗಡೆ ಸ್ಟಾಪಿಗೆ! ತಾತ, ನಾನು ಅಲ್ಲೇ ಕೂತಿರ್ತೀವಿ, ನಮ್ಮ ಬಸ್ಸು ಕಂಡರೆ ಎದ್ದು ರಸ್ತೆ ದಾಟ್ತೀವಿ. ಡ್ರೈವರಿಗೆ ಗೊತ್ತು, ಕಾಯ್ತಾನೆ. ಮಗಳು ಅಳಿಯ ಈಗಲೂ ಪ್ರತಿ ವೋಟಿಗೂ ಜಗಳ ಆಡ್ತಾರೆ, ಆದರೆ ನನ್ನದು ಯಾರಿಗೆ ಅಂತ ಕೇಳೋದು ಬಿಟ್ಟಿದಾರೆ.

ಮೊಮ್ಮಗಳಿಗೆ ಮೊನ್ನೆ ಹದಿನೆಂಟು ತುಂಬಿತು, ಅವಳ ಹೆಸರಿಗೂ ಕಾರ್ಡು ಬಂತು. ಬೇರೆಯವರ ಮಾತು ದಾಟಿಸೋದು ಬಿಟ್ಟರೆ ತನ್ನ ಮಾತೆಲ್ಲ ಇಂಗ್ಲಿಷಿನಲ್ಲೇ ಆಡೋ ಹುಡುಗಿ, ಅವತ್ತು ಕನ್ನಡದಲ್ಲೇ ಕೇಳಿದಳು: "ಅಜ್ಜೀ, ನಾನು ಯಾರಿಗೆ ಹಾಕ್ಲಿ?"

ನಾನು ಬಚ್ಚಲಿಗೆ ಹೋಗಿ ಚಿಲಕ ಹಾಕ್ಕೊಂಡೆ. ಅವಳು ಎಷ್ಟು ಬಾಗಿಲು ಬಡಿದರೂ ಹೇಳಲಿಲ್ಲ.