ಸಾಯವಲ್ದು, ಓಡವಲ್ದು

ಸತ್ತ ಮಷಿನ್ನಿನ ಕೂಡ ನನ್ನ ಜಗಳಿಲ್ಲ. ಹೊಸಾದು ಹಾಕಿದ್ರ ಮುಗೀತು. ಅರ್ಧ ಜೀವ ಹಿಡಕೊಂಡು ಕುಂತದ್ದರ ಕೂಡ ಏಗೋದ ನನ್ನ ಹಣೇಬರ.

ಶಹಾಪುರದಾಗ ಒಂದು ಮದುವಿ ವಿಡಿಯೋ ಸ್ಟುಡಿಯೋ ಅದ. ಯಾದಗಿರಿ, ಸುರಪುರದಾಗೂ ಅದರ ಅಂಗಡಿ ಅದಾವ. ಮೂರೂ ಊರಿನ ಮದುವಿ ಬಂದು ಬೀಳೋದು ಶಹಾಪುರದ ಒಂದ ಸರ್ವರಿನ್ಯಾಗ. ಅದನ್ನ ನೋಡಿಕೊಳ್ಳೋದು ನನ್ನ ಕೆಲಸ. ಈ ಸಲ ಅದರಾಗ ಮಾಲಕರ ಸ್ವಂತ ಮಗಳ ಮದುವಿನೂ ಇತ್ತು. ಸುರಪುರದ ಬೀಗರು ಒಮ್ಮೆ ನೋಡಾಕ ಬಂದಾಗ ವಿಡಿಯೋ ಹೆಜ್ಜಿ ಹೆಜ್ಜಿಗೆ ನಿಂತು, ಮಾಲಕರ ಮಾನ ಹೋಗಿತ್ತು.

ಬಚ್ಚಲದ ಮುಂದ

ಹೋಗಿ ನೋಡಿದೆ. ಒಂದೊಂದು ವಿಡಿಯೋನೂ ಎಂಟು ಡಿಸ್ಕಿನ್ಯಾಗ ಹಂಚಿರತದ, ಎಂಟೂ ಕೂಡಿ ಕೆಲಸ ಮಾಡ್ತಾವ. ಒಂದೊಂದರ ವ್ಯಾಳ್ಯಾ ಅಳದ್ರ ಐದನೇದು ಭಾಳ ಹಿಂದ. ಪಂಕ್ತ್ಯಾಗ ಒಬ್ಬ ಮುದುಕ ಇನ್ನೂ ಉಣ್ಣಾಕತ್ತಿದ್ರ ಉಳಿದವರು ಕೈ ಒಣಗಿಸಿಕೊಂಡು ಕುಂದರತಾರಲ್ಲ, ಹಂಗಾಗಿತ್ತು ಉಳಿದ ಏಳರ ಪಾಡು.

"ಐದನೇದು ತಗೀಬೇಕ್ರಿ" ಅಂತ ಮಾಲಕರಿಗೆ ಅಂದೆ.

"ಸತ್ತದೇನ್ರಿ?"

"ಸತ್ತಿಲ್ರಿ, ನಿಧಾನ ಆಗ್ಯಾದ."

"ನಮ್ಮಪ್ಪನೂ ನಿಧಾನ ಆಗ್ಯಾನ. ಮನಿಯಿಂದ ಹೊರಗ ಹಾಕೀನೇನ್ರಿ?"

"ನಿಮ್ಮಪ್ಪಗ ಏಳು ಮಂದಿ ಕಾಯಂಗಿಲ್ಲಲ್ರಿ!"

"ದಿನಾ ಮುಂಜಾನಿ ಬಚ್ಚಲದ ಮುಂದ ಕಾಯ್ತೀವ್ರಿ!"

ಅಮಾಸಿ ಕಾಯಿ

ಮಾಲಕರು ಹೊಸಾ ಡಿಸ್ಕ್ ತರಸಾಕ ಒಪ್ಪಿದ್ರು, ಹಾಕಾಕ ಒಪ್ಪಲಿಲ್ಲ. ಮೊದ್ಲ ಹಳೀದು ಸಾಯಲಿ ಅಂತ!

ಒಂದಿನ ಅಲ್ಲೇ ಕುಂತು ಪರೀಕ್ಷಾ ಮಾಡಾಕತ್ತಿದ್ದೆ. ಒಮ್ಮಿಂದೊಮ್ಮೆ ಎಂಟಕ್ಕ ಎಂಟೂ ಡಿಸ್ಕು ತಡವರಿಸಿದವು. ಹಿಂದಿಂದ ಫಟ್, ಫಟ್ ಅಂತ ಸಪ್ಪಳ. ಹೊಳ್ಳಿ ನೋಡಿದ್ರ ಮಾಲಕರು. ಜಳಕ ಮಾಡಿ, ವಿಭೂತಿ ಹಚಗೊಂಡು, ಸರ್ವರಿನ ಕಬ್ಬಿಣದ ಕಪಾಟಿನ ಮೂಲಿಗೆ ತೆಂಗಿನಕಾಯಿ ಕುಟ್ಟಾಕತ್ತಿದ್ರು. ಅವತ್ತು ಅಮಾಸಿ, ಪೂಜಾ.

"ಯಪ್ಪಾ! ಒಳಗ ಡಿಸ್ಕು ತಿರುಗಾಕತ್ತಾವ್ರಿ, ಅಲುಗಾಡಿದ್ರ ಕೆಲಸ ನಿಂದರತದ!" ಅಂತ ಒದರಿದೆ.

"ಛಲೋ ಓಡಲಿ ಅಂತನ ಅಲ್ರಿ ಕಾಯಿ ಒಡ್ಯಾಕತ್ತಿದ್ದು" ಅಂದು, ನನ್ನ ಕೈಯಾಗ ಒಂದು ಹೋಳು ಕೊಟ್ರು.

ಸುಮ್ಮ ಕುಂತಾಂವ

ನಾನು ಯಾದಗಿರ್ಯಾಗಿದ್ದಾಗ ಮಾಲಕರ ಫೋನ್ ಬಂತು. "ಬೀಗರ ಕಾಟ ತಾಳಾಕ ಆಗವಲ್ದು. ನಿಮ್ಮ ಮಾತು ಕೇಳಿ ಒಂದು ಕಿತ್ತ ಹಾಕೀನ್ರಿ!"

ಸಿಕ್ಕ ಬಸ್ ಹಿಡದು ಶಹಾಪುರಕ್ಕ ಓಡಿದೆ. ನೋಡಿದ್ರ ಮೂರನೇದು ಟೇಬಲ್ ಮ್ಯಾಲೆ ಬಿದ್ದದ. ಐದನೇದು ತನ್ನ ಜಾಗಾದಾಗ ಆರಾಮ ಅದ.

"ಇದನ್ಯಾಕ ಬಿಟ್ರಿ?"

"ನೋಡ್ರಿ, ಅದರ ಲೈಟ್ ಒಂದ ಸವನ ಉರಿಯಾಕತ್ತದ. ದುಡಿಯಾಂವ ಅಂವ ಒಬ್ಬನ. ಉಳಿದವು ಮಿಣಕ್ ಅಂತಾವ, ಸುಮ್ಮ ಕುಂದರತಾವ. ಎಲ್ಲಾದಕ್ಕಿಂತ ಮೈಗಳ್ಳನ್ನ ಕಿತ್ತೀನಿ."

ನನಗ ಮೈಯೆಲ್ಲಾ ಉರೀತು. "ಅವು ತಮ್ಮ ಕೆಲಸ ಮುಗಿಸಿ ಇದರ ಸಲುವಾಗಿ ಕಾಯಾಕತ್ತಾವ್ರಿ, ಮಾರಾಯ್ರ! ಒಂದು ಹೋದ್ರ ಏಳು ಸಂಭಾಳಿಸ್ತಾವ. ಆ ಒಂದನ್ನ ನೀವ ಕಿತ್ತೀರಿ. ಈಗ ಈ ಮುದುಕ ಸತ್ತಾಂದ್ರ ನಿಮ್ಮ ಮಗಳ ಮದುವಿನೂ ಹೋತು!"

ನಾನು ಮೂರನೇದನ್ನ ತಿರುಗಿ ಹಾಕಿದೆ. ಅದು ಉಳಿದವುಗಳಿಂದ ತನ್ನ ಪಾಲು ತುಂಬಿಕೊಂಡು ಸುಧಾರಿಸಿಕೊಳ್ಳೋತನಕ ಮಾಲಕರು ಐದನೇದರ ಮುಂದ ಕುರ್ಚಿ ಹಾಕ್ಕೊಂಡು ಕೈ ಮುಗದು ಕುಂತ್ರು. ಯಾರರ ಬಾಗಲಾ ಜೋರ ಹಾಕಿದ್ರ "ಶ್! ಅಲುಗಾಡಸಬ್ಯಾಡ್ರಿ" ಅಂತ ನನ್ನ ಮಾತು ನನಗ ಕೇಳಿಸಿದ್ರು. ಆಮ್ಯಾಲ ಐದನೇದು ತಗದು ಹೊಸಾದು ಹಾಕಿದೆ. ಮದುವಿ ಉಳೀತು.

ಬೀಗರು ಮತ್ತ ಬಂದ್ರು. ವಿಡಿಯೋ ಎಲ್ಲೂ ನಿಲ್ಲಲಾರದ ಸರಳ ಓಡಿತು. ನಾನು ಎದಿ ಉಬ್ಬಿಸಿ ನಿಂತಿದ್ದೆ. ಬೀಗರ ಮಾರಿ ಮಾತ್ರ ಗಂಟು ಬಿತ್ತು.

"ಹೋದ ಸಲನ ಛಲೋ ಇತ್ತಲ್ರಿ? ನಮ್ಮ ಮಂದಿ ಬಂದ ಕೂಡಲೇ ನಿಂತು, ಒಬ್ಬೊಬ್ಬರ ಮಾರಿ ಚಂದಂಗ ತೋರಸ್ತಿತ್ತು. ಈಗ ಗುರುತು ಹಿಡಿಯೋದ್ರಾಗ ಹೋಗೇಬಿಡ್ತದ."

ಮಾಲಕರು ನನ್ನ ಕಿವಿಯಾಗ ಸಾವಕಾಶ ಕೇಳಿದ್ರು: "ಆ ಐದನೇದು ಚೆಲ್ಲಿಲ್ಲಲ್ರಿ?"