ಕೋದಂಡಪ್ಪನ ದವಡೆ ಬಂಗಾರ ಕೇಳಿದ್ದು

ಅದೇ, ಅವತ್ತು ಅರ್ಧಕ್ಕೆ ನಿಲ್ಸಿದ್ನಲ್ಲ, ಆ ದವಡೆ ಕತೆ! ಕೋಲಾರ ಚಿನ್ನದ ಗಣಿ ಊರಿಗಾಂ ಲೈನ್ಮನೆ ಕೋದಂಡಪ್ಪ ಎದೆ ತಟ್ಕೊಂಡು ಶಪಥ ಮಾಡ್ಬಿಟ್ಟಿದ್ದ. "ಪಾತಾಳಕ್ಕಿಳಿದು ಬಂಡೆ ಒಡೆಯೋನು ನಾನು! ಒಂದು ಊತಕ್ಕೆ ಎದ್ರಿ ಡಾಕ್ಟ್ರ ಬಾಗ್ಲಿಗೆ ಓಗ್ತೀನಾ? ನನ್ ಜಲ್ಮದಲ್ಲಿಲ್ಲ!"

ಐವತ್ತೆಂಟನೇ ಇಸ್ವಿ ಇರ್ಬೇಕು. ಏನ್ ಕಾಲ ಅದು! ಗಣಿ ಸೈರನ್ನೇ ಲೈನಿಗೆಲ್ಲ ಗಡಿಯಾರ. ಒಂದ್ಮನೇಲಿ ಉಳ್ಳಿಸಾರು ಕುದ್ರೆ ಹತ್ಮನೆಗೆ ಘಮ. ಆ ಘಮ ಮೂಗಿಗೆ ಬಡಿದ್ರೆ ಸಾಕು, ಕೋದಂಡಪ್ಪನ ಎಡದವಡೆ ಕೆಳಗೆ ಬದನೇಕಾಯಿ ಗಾತ್ರ ಊದೋದು! ಉಂಡು ಒಂದ್ನಿದ್ದೆ ತೆಗೆದ್ರೆ ಮಾಯ!

"ಏನಯ್ಯ ಇದು, ಮುದ್ದೆ ನುಂಗ್ದೆ ಬಚ್ಚಿಟ್ಕೊತೀಯಾ?" ಅಂದ್ಲು ಹೆಂಡ್ತಿ ಗಂಗರತ್ನಮ್ಮ.

ಪಕ್ಕದ್ಮನೆ ಮುನಿಶಾಮಮ್ಮ ಓಡಿ ಬಂದು ದವಡೆ ಮುಟ್ಟಿ ನೋಡಿದ್ಲು. "ಅಯ್ಯಯ್ಯೋ, ಮಂಗನಬಾವು! ನಮ್ ತಮಿಳಲ್ಲಿ ಪೊನ್ನುಕ್ಕು ವೀಂಗಿ ಅಂತೀವಿ. ಬಂಗಾರ ಬೇಕೂಂತ ಊದ್ಕೊಳೋದು ಕಣಮ್ಮಾ! ಕತ್ತಿಗೆ ಬಂಗಾರ ಆಕು, ಇಳಿಯೋವರ್ಗೂ ತೆಗೀಬ್ಯಾಡ."

ದಿನಾ ಬಂಗಾರ ಅಗೆಯೋನ ಮನೇಲಿ ಬಂಗಾರ ಎಲ್ಲಿಂದ ಬರ್ಬೇಕು! ಇದ್ದಿದ್ದು ಗಂಗರತ್ನಮ್ಮನ ತೌರೋರು ಕೊಟ್ಟ ಒಂದೆಳೆ ಸರ. ಭಾನುವಾರ ಬೂದಿಕೋಟೇಲಿ ಅವಳ ತಮ್ಮನ ಮದುವೆ ಬೇರೆ. ಸರ ಇಲ್ದೆ ಹೋದ್ರೆ ನೆಂಟ್ರು ಆಡ್ಕೊಂಡು ನಗಲ್ವಾ? ಆದ್ರೂ ಪಾಪ, ಗಂಡನ ಕತ್ತಿಗೆ ಹಾಕಿ ಹೇಳಿದ್ಲು: "ಕೆಲ್ಸಕ್ಕೋಗೋವಾಗ ಬಿಚ್ಚಿಟ್ಟೋಗು."

"ಬಿಚ್ಚಬಾರ್ದು ಅಂದವ್ಳೆ!"

"ಗೇಟಲ್ಲಿ ಮೈ ತಡಕ್ತಾರಯ್ಯ!"

"ಸುಮ್ಕಿರೇ! ಗಣಿಯಿಂದ ಬಂಗಾರ ತರೋದು ತಪ್ಪು. ಗಣಿಗೆ ತಗಂಡೋಗೋದು ಯಾವ ಕಾನೂನಲ್ಲಿ ತಪ್ಪು?"

ಎಂಥಾ ವಕೀಲ ನೋಡಿ! ತಗಂಡೋದೋನು ಸಾಯಂಕಾಲ ವಾಪಸ್ ತರ್ಲೇಬೇಕಲ್ಲ, ಅದು ತಲೇಗೇ ಹೊಳೀಲಿಲ್ಲ!

ಶಿಫ್ಟ್ ಮುಗೀತು. ಗೇಟಲ್ಲಿ ವಾಚ್‌ಮನ್ ಬಚ್ಚಪ್ಪ ಷರ್ಟೊಳಗೆ ಕೈ ಹಾಕಿದ. ಸರ ಫಳಫಳ!

"ಏನ್ಲಾ ಕೋದಂಡ! ಬಂಡೆ ಒಡೆದ್ರೆ ರೆಡಿ ಸರಾನೇ ಉದುರ್ತದಾ ನಿಂಗೆ?"

"ಅದು ಔಷ್ದಿ ಕಣಣ್ಣ!"

"ಔಷ್ದಿನಾ? ಬಾಯಿ ತೆಗಿ!" ನಾಲ್ಗೆ ಕೆಳಗೆ ಬೆರಳಿಟ್ಟ ಬಚ್ಚಪ್ಪ ಹೌಹಾರ್ಬಿಟ್ಟ. "ಅಯ್ಯೋ ನಿನ್ನ! ಇಲ್ಲೂ ಒಂದು ಕಲ್ಲು ಇಟ್ಟವ್ನೆ! ಉಗೀಲಾ!"

ಉಗಿದ. ಮತ್ತೆ ಉಗಿದ. ಕಲ್ಲು ಬಂದ್ರೆ ತಾನೆ! ಮೊದ್ಲು ಸರ ಜಪ್ತಿ ಆಯ್ತು. ಆಮೇಲೆ ಬಾಯಲ್ಲಿರೋ ಕಲ್ಲು ತೆಗ್ಸೋಕೆ ಅಂತ, ಶಪಥ ಮಾಡಿದ್ದ ಮಹಾಶೂರನ ಮೆರವಣಿಗೆ ಸೀದಾ ಡಾಕ್ಟ್ರ ಬಾಗ್ಲಿಗೇ ಹೊರಡ್ತು!

"ಯಾವಾಗ ಊದತ್ತೆ?" ಕೇಳಿದ್ರು ಡಾಕ್ಟ್ರು.

"ಮುದ್ದೆ ಮುಂದೆ ಕೂತಾಗ ಸಾರ್."

"ಮಂಗನಬಾವು ಊಟದ ಹೊತ್ತು ನೋಡ್ಕೊಂಡು ಬರಲ್ಲಪ್ಪ. ಜೊಲ್ಲು ಬರೋ ದಾರೀಲಿ ಕಲ್ಲು ಕಟ್ಕೊಂಡಿದೆ. ಊಟ ಅಂದ್ರೆ ಜೊಲ್ಲು ಬರತ್ತೆ, ದಾರಿ ಇಲ್ದೆ ಊದ್ಕೊಳತ್ತೆ."

ಒಂದು ಹೋಳು ನಿಂಬೆಹಣ್ಣು ಚೀಪೋಕೆ ಕೊಟ್ರು. ನೋಡ್ತಿದ್ದಂಗೇ ದವಡೆ ಬುಸ್ಸಂತ ಎದ್ಬಿಡ್ತು! ಡಾಕ್ಟ್ರು ಬಾಯೊಳಗೊಂದು ಬೆರಳು, ಹೊರಗೊಂದು ಬೆರಳು ಇಟ್ಟು ಮೆಲ್ಲಗೆ ನೀವಿ ನೀವಿ ಒತ್ತಿದ್ರು. ಕೋದಂಡಪ್ಪ "ಯಪ್ಪೋ!" ಅಂದ. ಅಕ್ಕಿಕಾಳಷ್ಟು ಕಲ್ಲು ಟಪ್ಪಂತ ಉದುರ್ತು! ಹಿಂದೇನೇ ಕಟ್ಟಿದ್ದ ಜೊಲ್ಲೆಲ್ಲ ಕೋಡಿ ಹರೀತು!

ಬಚ್ಚಪ್ಪ ಹಾರ್ಬಂದ. "ಅದ್ರಲ್ಲಿ ಬಂಗಾರ ಐತಾ ಸಾರ್?"

"ಇವನ ಬಾಯಲ್ಲಿ ಬೆಳೆದಿರೋ ಸುಣ್ಣದ ಕಲ್ಲು ಕಣಯ್ಯ. ಬೇಕಾದ್ರೆ ಕರಗ್ಸಿ ನೋಡು!"

ಗೇಟಿಗೆ ವಾಪಸ್ ಬರೋ ಹೊತ್ಗೆ ಗಂಗರತ್ನಮ್ಮ ರಾಗಿಹಿಟ್ಟಿನ ಕೈಯಲ್ಲೇ ಓಡ್ಬಂದು ನಿಂತಿದ್ಲು. ಲೈನಿಗೆ ಲೈನೇ ಹಿಂದೆ!

"ಈ ಸರ ನಿಂದಾ ತಾಯಿ?" ಕೇಳ್ದ ಬಚ್ಚಪ್ಪ.

"ನಂದೇ ಅಣ್ಣ. ಕೊಂಡಿ ಹತ್ರ ಕೆಂಪ್ದಾರ ಸುತ್ತಿವ್ನಿ, ನೋಡು."

"ಈಯಪ್ಪಾನೂ ನಿನ್ನೋನೇನಾ?"

ಗಂಗರತ್ನಮ್ಮ ಗಂಡನ್ನ ಅಡಿಯಿಂದ ಮುಡಿವರ್ಗೂ ನೋಡಿದ್ಲು. "ಮೊದ್ಲು ಸರ ಕೊಡಣ್ಣ. ತಮ್ಮನ್ ಮದ್ವೆ ಮುಗಿಸ್ಕೊಂಡು ಬತ್ತೀನಿ. ಆಮ್ಯಾಕೆ ಇವನ್ನ ಗುರ್ತು ಇಡ್ಯಾಣ!"

ಗೇಟೇ ಬಿದ್ದೋಗೋಹಂಗೆ ನಕ್ರು ಜನ! ಬಚ್ಚಪ್ಪಾನೂ ನಗ್ತಾ ಸರ ಅವಳ ಕೈಗಿಟ್ಟ. ಪಾತಾಳಕ್ಕಿಳಿಯೋ ಶೂರ ಹೆಂಡ್ತಿ ಸೆರಗಿನ ಹಿಂದೆ ತಲೆ ತಗ್ಗಿಸ್ಕೊಂಡು ನಡೆದ.

ಆ ಲೈನು, ಆ ನಗು ಈಗೆಲ್ಲಿ ಬರ್ಬೇಕು! ಈಗ ಇಬ್ರೂ ಬಂಗಾರಪೇಟೇಲವ್ರೆ, ಎರಡು ಹಸು ಕಟ್ಕೊಂಡು. ಆ ಕಡೆ ಹೋದ್ರೆ ಒಂದ್ಸಲ ಹೋಗಿ ಮಾತಾಡ್ಸಿ ಬನ್ನಿ. ಕೋದಂಡಪ್ಪನ ಬಾಯಿ ತೆಗ್ಸೋದು ಏನೂ ಕಷ್ಟ ಇಲ್ಲ. ಮುಚ್ಸೋಕೆ ಮಾತ್ರ ಗಂಗರತ್ನಮ್ಮನೇ ಬರ್ಬೇಕು!